ಪತಿಯ ಕಾಲಾನಂತರ ಪತ್ನಿಗೆ ಎಷ್ಟು ಪಾಲು?



"ನನ್ನ ನಂತರ ಎಲ್ಲವೂ ಅವಳಿಗೇ ತಾನೆ? ಉಯಿಲು ಏಕೆ?" ಎನ್ನುವ ಗಂಡಂದಿರು ನಮ್ಮ ಧರ್ಮಕೇಂದ್ರಗಳಲ್ಲಿ ಬಹಳ. ಈ ನಂಬಿಕೆ ತಪ್ಪು. ಕ್ರೈಸ್ತರಾದ ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಉಯಿಲು ಬರೆಯದೆ ಪತಿ ತೀರಿಕೊಂಡರೆ, ಮಕ್ಕಳಿರುವಲ್ಲಿ ಪತ್ನಿಗೆ ಸಿಗುವುದು ಮೂರರಲ್ಲಿ ಒಂದು ಪಾಲು ಮಾತ್ರ. ಉಳಿದದ್ದು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮಪಾಲು. ಮಕ್ಕಳಿಲ್ಲದಿದ್ದರೆ ಅರ್ಧ ಆಕೆಗೆ. ಇನ್ನರ್ಧ ಪತಿಯ ತಂದೆಗೆ, ತಂದೆ ಇಲ್ಲವಾದರೆ ತಾಯಿ ಮತ್ತು ಒಡಹುಟ್ಟಿದವರಿಗೆ. ಪತ್ನಿ ಮೊದಲು ತೀರಿಕೊಂಡರೆ ಆಕೆಯ ಆಸ್ತಿಯಲ್ಲಿ ಪತಿಗೂ ಇದೇ ಲೆಕ್ಕ.

ಒಂದು ಉದಾಹರಣೆ ನೋಡೋಣ. ಮನೆ 36 ಲಕ್ಷ, ಠೇವಣಿ 9 ಲಕ್ಷ, ಎಲ್ಲವೂ ಪತಿಯ ಹೆಸರಿನಲ್ಲಿ, ಮಕ್ಕಳು ಮೂವರು. ತಾಯಿಗೆ 15 ಲಕ್ಷ, ಮಕ್ಕಳಿಗೆ ತಲಾ 10 ಲಕ್ಷ. ದುಬೈಯಲ್ಲಿರುವ ಮಗ ತನ್ನ ಪಾಲನ್ನು ಹಣವಾಗಿಯೇ ಕೇಳಿದರೆ ಮನೆ ಮಾರಬೇಕಾದೀತು. ಆ ಮನೆಯ ಅಡಿಪಾಯಕ್ಕೆ ತಾಯಿ ಬಳೆ ಅಡವಿಟ್ಟಿದ್ದಳು, ವರ್ಷಗಟ್ಟಲೆ ಬೀಡಿ ಕಟ್ಟಿದ್ದಳು ಎಂಬುದು ಯಾವ ಪತ್ರದಲ್ಲಿಯೂ ಬರೆದಿರುವುದಿಲ್ಲ.

ಪ್ರಭು ಯೇಸು ಶಿಲುಬೆಯ ಮೇಲೆ, ಆ ಯಾತನೆಯ ನಡುವೆಯೂ, ತನ್ನ ತಾಯಿಯನ್ನು ಪ್ರೀತಿಯ ಶಿಷ್ಯನಿಗೆ ಒಪ್ಪಿಸಿದರೆಂದು ಸಂತ ಯೊವಾನ್ನರು ಬರೆಯುತ್ತಾರೆ. ತಾನು ಹೋದ ಮೇಲೆ ತಾಯಿ ಯಾರ ಮನೆಯಲ್ಲಿ ಇರಬೇಕೆಂದು ಆತ ಯೋಚಿಸಿದ್ದ. ಮರಣದ ಮಾತೆತ್ತಿದರೆ ಅಪಶಕುನ ಎನ್ನುವ ನಾವು ಇದನ್ನು ಮರೆಯುತ್ತೇವೆ.

ಇನ್ನು ಉಳಿತಾಯ. ಅಂಚೆ ಕಚೇರಿಯ ಪಿ.ಪಿ.ಎಫ್. ಖಾತೆಗೆ ವರ್ಷಕ್ಕೆ 500 ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ ಕಟ್ಟಬಹುದು. ಅವಧಿ 15 ವರ್ಷ, ಬಡ್ಡಿಗೆ ತೆರಿಗೆಯಿಲ್ಲ. ಪತ್ನಿಯ ಹೆಸರಿನಲ್ಲಿಯೂ ಪ್ರತ್ಯೇಕ ಖಾತೆ ಇರಲಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವ ಪತಿ ಆಕೆಯ ಖಾತೆಗೆ ಕಟ್ಟಿದ ಹಣಕ್ಕೂ ತನ್ನ ಒಂದೂವರೆ ಲಕ್ಷದ ಮಿತಿಯೊಳಗೆ ವಿನಾಯಿತಿ ಪಡೆಯಬಹುದು. ಹೊಸ ಪದ್ಧತಿಯಲ್ಲಿ ಈ ವಿನಾಯಿತಿ ಇಲ್ಲ. ಅದಕ್ಕಾಗಿ ಕಟ್ಟುವುದನ್ನೇ ನಿಲ್ಲಿಸಿದವರಿದ್ದಾರೆ! ಮುಪ್ಪು ತೆರಿಗೆಯ ಪದ್ಧತಿ ನೋಡಿ ಬರುವುದಿಲ್ಲವಲ್ಲ.

ನೌಕರಿಗೆ ಸೇರಿದಾಗ ಭವಿಷ್ಯನಿಧಿಗೆ ಅಣ್ಣನನ್ನೋ ಗೆಳೆಯನನ್ನೋ ನಾಮಿನಿ ಮಾಡಿದ್ದಿರಾ? ಮದುವೆಯಾದೊಡನೆ ಅದು ಅಸಿಂಧು. ಹೊಸದಾಗಿ ಪತ್ನಿಯ ಹೆಸರು ಕೊಡಬೇಕು. ಬ್ಯಾಂಕ್ ಠೇವಣಿಯ ವಿಷಯ ಬೇರೆ. ಅಲ್ಲಿ ನಾಮಿನಿ ಹಣ ಪಡೆದುಕೊಳ್ಳುವವನು ಮಾತ್ರ. ಅದರ ಮೇಲೆ ವಾರಸುದಾರರ ಹಕ್ಕು ಹಾಗೆಯೇ ಉಳಿಯುತ್ತದೆ. ಆದ್ದರಿಂದ ನಾಮಿನಿ ಇದ್ದಾರೆಂದು ಉಯಿಲು ಬಿಡಬೇಡಿ.

ಉಯಿಲಿಗೆ ಛಾಪಾಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ಅವರೂ ನಿಮ್ಮೆದುರಿಗೆ ಸಹಿ ಮಾಡಬೇಕು. ಎಚ್ಚರ: ಪಾಲು ಪಡೆಯುವವರಾಗಲಿ ಅವರ ಪತಿ ಪತ್ನಿಯರಾಗಲಿ ಸಾಕ್ಷಿ ಹಾಕಬಾರದು. ಅಳಿಯ ಸಾಕ್ಷಿ ಹಾಕಿದರೆ ಮಗಳ ಪಾಲೇ ರದ್ದು. ವಿಧುರರು ಮರುಮದುವೆಯಾದರೆ ಹಳೆಯ ಉಯಿಲು ತಾನಾಗಿ ರದ್ದಾಗುತ್ತದೆಂಬುದೂ ನೆನಪಿರಲಿ. ಗಂಡ ಹೆಂಡತಿ ಬೇರೆ ಬೇರೆ ಉಯಿಲು ಬರೆಯುವುದು ಒಳ್ಳೆಯದು. ಪತ್ನಿ ಬದುಕಿರುವವರೆಗೆ ಮನೆ ಆಕೆಗೆ, ಅನಂತರ ಮಕ್ಕಳಿಗೆ ಎಂದೂ ಬರೆಯಬಹುದು. ಹೀಗೆ ಬರೆಯುವಾಗ ಮಾತ್ರ ವಕೀಲರನ್ನು ಕಾಣಿ.

ದೇವಾಲಯಕ್ಕೋ ಅನಾಥಾಶ್ರಮಕ್ಕೋ ದತ್ತಿ ಬಿಡಲು ಕ್ರೈಸ್ತರಿಗೆ ಮೊದಲು ಕಠಿಣ ನಿರ್ಬಂಧವಿತ್ತು. 2003ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತೆಗೆದುಹಾಕಿತು. ಧಾರಾಳವಾಗಿ ಕೊಡಿ, ಆದರೆ ಮೊದಲು ಮನೆಯಾಕೆಯ ಸೂರು, ಆಮೇಲೆ ಗಂಟೆಗೋಪುರ.

ಮುಂದಿನ ಭಾನುವಾರ ಪೂಜೆ ಮುಗಿಸಿ ಬಂದು, ಊಟವಾದ ಮೇಲೆ ಪೆಟ್ಟಿಗೆಯಲ್ಲಿರುವ ಪಾಸ್‌ಪುಸ್ತಕ, ಮನೆಪತ್ರ, ವಿಮೆ ಪತ್ರ ಎಲ್ಲವನ್ನೂ ಹೊರತೆಗೆಯಿರಿ. ಯಾವುದರಲ್ಲಿ ಯಾರ ಹೆಸರಿದೆಯೆಂದು ಇಬ್ಬರೂ ಒಟ್ಟಿಗೆ ಕುಳಿತು ಓದಿ ನೋಡಿ.