ಹುಟ್ಟಿನಿಂದಲೇ ಕಳ್ಳರುಂಟೇ?



ಕೆಲವು ವರ್ಷಗಳ ಹಿಂದಿನ ಮಾತು. ತುಮಕೂರಿನ ಹೊರವಲಯದ ಸತ್ಯಮಂಗಲದಲ್ಲಿ ಐದಾರು ಕುಟುಂಬಗಳು ರಸ್ತೆ ಬದಿಯ ಖಾಲಿ ಜಾಗದಲ್ಲಿ ಗುಡಾರ ಹಾಕಿಕೊಂಡಿದ್ದವು. ಈಚಲು ಗರಿಯ ಪೊರಕೆ, ಬುಟ್ಟಿ ಮಾಡಿ ಮಾರುವ ಜನ. ಅವರ ನಾಲ್ಕು ಮಕ್ಕಳು ನಮ್ಮ ಸಂಜೆಯ ಪಾಠಕ್ಕೆ ಬರತೊಡಗಿದ್ದರು. ಒಂದು ರಾತ್ರಿ ಪಕ್ಕದ ಬೀದಿಯ ಮನೆಯೊಂದರಲ್ಲಿ ಗ್ಯಾಸ್ ಸಿಲಿಂಡರ್ ಕಳವಾಯಿತು. ಬೆಳಗಿನ ಪೂಜೆ ಮುಗಿಸಿ ನಾನು ಹೊರಬರುವಷ್ಟರಲ್ಲಿ ತೀರ್ಪು ಆಗಿಹೋಗಿತ್ತು. "ಗುಡಾರದವರದೇ ಕೆಲಸ ಫಾದರ್, ಅವರ ಜಾತಿಯೇ ಅಂಥದು." ಹೀಗೆಂದವರು ಕೆಟ್ಟವರಲ್ಲ, ದಿನವೂ ಪೂಜೆಗೆ ಬರುವವರು. ನಾನೂ ಅವರನ್ನು ತಡೆಯಲಿಲ್ಲ. ಒಳಗೊಳಗೇ ನನಗೂ ಅದೇ ಅನುಮಾನವಿತ್ತು. ಗುಡಾರಗಳನ್ನು ಜಾಲಾಡಿದರು, ಏನೂ ಸಿಗಲಿಲ್ಲ. ಮೂರನೆಯ ದಿನ ಗುಡಾರಗಳೇ ಅಲ್ಲಿರಲಿಲ್ಲ. ಸಿಲಿಂಡರ್ ಕದ್ದವರು ಯಾರೆಂದು ಇಂದಿಗೂ ತಿಳಿಯದು. ಆ ನಾಲ್ಕು ಮಕ್ಕಳು ಎಲ್ಲಿದ್ದಾರೆಂಬುದೂ ತಿಳಿಯದು.

"ಅವರ ಜಾತಿಯೇ ಅಂಥದು" ಎಂಬ ಮಾತು ನಮ್ಮ ಬಾಯಿಗೆ ಬಂದದ್ದು ಎಲ್ಲಿಂದ? ಈ ವಾರ ಅದನ್ನೇ ಅಭ್ಯಾಸ ಮಾಡೋಣ.

ಕಸುಬು ಹೋಯಿತು

ನಮ್ಮ ನಾಡಿನ ಕೊರಮ, ಕೊರಚ ಜನರ ಕಥೆಯನ್ನು ನೋಡಿ. ಇವರ ಬಳಗದವರನ್ನು ಆಂಧ್ರದಲ್ಲಿ ಎರುಕಲರೆಂದೂ ತಮಿಳುನಾಡಿನಲ್ಲಿ ಕುರವರೆಂದೂ ಕರೆಯುತ್ತಾರೆ. ಇವರಲ್ಲಿ ಉಪ್ಪುಕೊರಚರೆಂಬ ಪಂಗಡವೇ ಇದೆ. ಕರಾವಳಿಯ ಉಪ್ಪನ್ನು ಎತ್ತು, ಕತ್ತೆಗಳ ಮೇಲೆ ಹೇರಿ ಒಳನಾಡಿನ ಹಳ್ಳಿಗಳಿಗೆ ತಂದು, ಬದಲಿಗೆ ದವಸ ಕೊಂಡೊಯ್ಯುವುದು ಇವರ ಕಸುಬಾಗಿತ್ತು. ಇವರು ಅಲೆದಾಡುತ್ತಿದ್ದುದರಿಂದಲೇ ಹಳ್ಳಿಯ ಅಡುಗೆಗೆ ಉಪ್ಪು ಸಿಗುತ್ತಿತ್ತು.

19ನೆಯ ಶತಮಾನದ ಮಧ್ಯಭಾಗದ ನಂತರ ರೈಲು ಬಂತು. ಉಪ್ಪಿನ ವ್ಯಾಪಾರ ಬ್ರಿಟಿಷ್ ಸರ್ಕಾರದ ಹಿಡಿತಕ್ಕೆ ಸಿಕ್ಕಿತು. ಹೇರೆತ್ತಿನವರ ಕೈ ಬರಿದಾಯಿತು. 1876ರಿಂದ 78ರವರೆಗಿನ ಮಹಾಬರದಲ್ಲಿ ದನಕರುಗಳು ಸತ್ತವು. ಕಾಡಿನ ಬಿದಿರು ಕಡಿದು ಬುಟ್ಟಿ ಹೆಣೆಯೋಣವೆಂದರೆ 1878 ಮತ್ತು 1882ರ ಅರಣ್ಯ ಕಾಯ್ದೆಗಳು ಅಡ್ಡ ಬಂದವು. ನಿನ್ನೆಯವರೆಗೆ ಜೀವನೋಪಾಯವಾಗಿದ್ದುದು ಇಂದು ಅಪರಾಧವೆನಿಸಿತು. ಹಸಿದವರಲ್ಲಿ ಕೆಲವರು ಕದ್ದಿರಬಹುದು. ಆದರೆ ಹಸಿವು ಮೊದಲು ಬಂತು, ಕಳವು ಆಮೇಲೆ ಬಂತು ಎಂಬುದನ್ನು ಮರೆಯಬಾರದು.

ಕಾನೂನು ಕಟ್ಟಿದ ಹಣೆಪಟ್ಟಿ

ಅಲೆಮಾರಿಗಳನ್ನು ಕಂಡರೆ ಬ್ರಿಟಿಷ್ ಅಧಿಕಾರಿಗಳಿಗೆ ಅನುಮಾನ. ಒಂದೆಡೆ ನಿಲ್ಲದವರಿಂದ ಕಂದಾಯ ವಸೂಲಿ ಮಾಡುವುದು ಹೇಗೆ, ಅವರ ಮೇಲೆ ಕಣ್ಣಿಡುವುದು ಹೇಗೆ? ಬಡಗಿಯ ಮಗ ಬಡಗಿಯಾಗುವಂತೆ ಕಳ್ಳನ ಮಗ ಕಳ್ಳನೇ ಆಗುತ್ತಾನೆಂದು ವಾದಿಸಿ 1871ರಲ್ಲಿ ಕ್ರಿಮಿನಲ್ ಬುಡಕಟ್ಟುಗಳ ಕಾಯ್ದೆಯನ್ನು ತಂದರು. ಮೊದಲು ಉತ್ತರ ಭಾರತದಲ್ಲಿ ಜಾರಿಯಾದ ಈ ಕಾಯ್ದೆ 1911ರಲ್ಲಿ ದಕ್ಷಿಣಕ್ಕೂ ಬಂತು. ಒಂದು ಸಮುದಾಯದ ಹೆಸರು ಪಟ್ಟಿಗೆ ಸೇರಿದರೆ ಮುಗಿಯಿತು. ಬೆರಳಚ್ಚು ಕೊಡಬೇಕು, ಹಾಜರಿ ಹಾಕಬೇಕು, ಊರು ಬಿಡಬೇಕಾದರೆ ಅಪ್ಪಣೆ ಚೀಟಿ ಬೇಕು. ಪಟ್ಟಿಗೆ ಸೇರಿಸಿದ್ದು ತಪ್ಪೆಂದು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿರಲಿಲ್ಲ. ತಾಯಿ ತಂದೆಯರಿಂದ ಮಕ್ಕಳನ್ನು ಬೇರ್ಪಡಿಸಿ ಸುಧಾರಣಾ ಶಾಲೆಗೆ ಹಾಕುವ ಅಧಿಕಾರವೂ ಸರ್ಕಾರಕ್ಕಿತ್ತು.

ಇಲ್ಲಿ ಕ್ರೈಸ್ತರಾದ ನಾವು ಕಹಿಯಾದ ಒಂದು ಸತ್ಯವನ್ನು ಒಪ್ಪಿಕೊಳ್ಳಬೇಕು. ಈ ಜನರನ್ನು ಬೇಲಿಯೊಳಗೆ ನೆಲೆಗೊಳಿಸಿದ 'ಸೆಟ್ಲ್‌ಮೆಂಟು'ಗಳಲ್ಲಿ ಹಲವನ್ನು ನಡೆಸಿದವರು ಕ್ರೈಸ್ತ ಸಂಸ್ಥೆಗಳವರೇ. ಆಂಧ್ರದ ಬಾಪಟ್ಲ ಬಳಿಯ ಸ್ಟೂವರ್ಟ್‌ಪುರಂ ಸಾಲ್ವೇಶನ್ ಆರ್ಮಿಯ ಕೈಯಲ್ಲಿತ್ತು. ಅಕ್ಷರ ಕಲಿಸಿದರು, ಔಷಧ ಕೊಟ್ಟರು, ನಿಜ. ಆದರೆ ಅಲ್ಲಿನವರು ಚೀರಾಲದ ತಂಬಾಕು ಕಾರ್ಖಾನೆಗೆ ಅಗ್ಗದ ಕೂಲಿಗಳೂ ಆದರು. ನಮ್ಮ ಹುಬ್ಬಳ್ಳಿಯಲ್ಲೂ ಇಂಥದೊಂದು ಸೆಟ್ಲ್‌ಮೆಂಟ್ ಇತ್ತು. ಆ ಬಡಾವಣೆಗೆ ಇಂದಿಗೂ ಅದೇ ಹೆಸರು. ಬಂಧನದಲ್ಲಿಟ್ಟು ತೋರಿಸಿದ ದಯೆಯನ್ನು ಪ್ರೀತಿ ಎನ್ನಲಾದೀತೇ?

ಕಾಯ್ದೆ ಸತ್ತರೂ ಮಾತು ಸಾಯಲಿಲ್ಲ

ಸ್ವತಂತ್ರ ಭಾರತ 1952ರ ಆಗಸ್ಟ್ 31ರಂದು ಆ ಕಾಯ್ದೆಯನ್ನು ರದ್ದುಮಾಡಿತು. ಪಟ್ಟಿಯಲ್ಲಿದ್ದವರು 'ವಿಮುಕ್ತ'ರಾದರು. ಆದರೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಹಲವು ರಾಜ್ಯಗಳಲ್ಲಿ ಬಂದವು. ಹಳೆಯ ಹಾಜರಿ ಪುಸ್ತಕ ಜನರ ಮನಸ್ಸಿನಲ್ಲಿ ಉಳಿದುಕೊಂಡಿತು. ಕಾನೂನಿಗಿಂತ ಸಂಸ್ಕೃತಿಯ ಆಯಸ್ಸು ದೊಡ್ಡದು. ಹನ್ನೆರಡನೆಯ ಶತಮಾನದ ಶರಣ ನುಲಿಯ ಚಂದಯ್ಯನವರನ್ನು ಕೊರಮರು ತಮ್ಮವರೆಂದು ಪೂಜಿಸುತ್ತಾರೆ. ಹಗ್ಗ ಹೊಸೆದು, ದುಡಿದ ಹಣದಲ್ಲೇ ದಾಸೋಹ ನಡೆಸಿದವರು ಅವರು. ಕಾಯಕದ ಗುರುವನ್ನು ನೆನೆಯುವ ಜನಕ್ಕೆ ನಾವು ಕೊಟ್ಟ ಹೆಸರಾದರೂ ಏನು!

ಇದರ ಫಲ ನೋಡಿ. ಅನುಮಾನಕ್ಕೆ ಹೆದರಿ ಕುಟುಂಬ ಜಾಗ ಬಿಡುತ್ತದೆ. ನೆಲೆ ಇಲ್ಲದವರಿಗೆ ವಿಳಾಸವಿಲ್ಲ, ವಿಳಾಸವಿಲ್ಲದೆ ರೇಷನ್ ಕಾರ್ಡ್ ಕಷ್ಟ, ಮಕ್ಕಳ ಶಾಲೆ ಅರ್ಧಕ್ಕೆ ನಿಲ್ಲುತ್ತದೆ. ಓದದ ಮಗನಿಗೆ ಕಾರ್ಖಾನೆಯ ಗೇಟು ತೆರೆಯುವುದಿಲ್ಲ. ಮುಂದೊಂದು ದಿನ ಅವನು ದಾರಿ ತಪ್ಪಿದರೆ "ನಾವು ಹೇಳಲಿಲ್ಲವೇ" ಎನ್ನುತ್ತೇವೆ. ಅಭಿವೃದ್ಧಿಯ ಬಾಗಿಲು ಮುಚ್ಚುವುದೂ ಅಪರಾಧದ ಬಾಗಿಲು ತೆರೆಯುವುದೂ ಒಂದೇ ಕೈ. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್, ಜಾತಿ ನೋಡಿ ಕೆಲಸ ಹಂಚುವ ಜೈಲು ನಿಯಮಗಳನ್ನು ರದ್ದುಪಡಿಸಿತು. ವಿಮುಕ್ತ ಬುಡಕಟ್ಟಿನವರನ್ನು ಮನಬಂದಂತೆ ಬಂಧಿಸಕೂಡದೆಂದೂ ಪೊಲೀಸರಿಗೆ ಸೂಚಿಸಿತು. ಕಾಯ್ದೆ ಹೋಗಿ 72 ವರ್ಷಗಳಾದ ಮೇಲೂ ಇದನ್ನು ಹೇಳಬೇಕಾಯಿತು.

ಹಾಗಾದರೆ ಕಳ್ಳನದು ತಪ್ಪಿಲ್ಲವೇ?

ತಪ್ಪಿದೆ. ಕದಿಯಬಾರದೆಂಬ ದೇವರಾಜ್ಞೆ ಬಡವನಿಗೂ ಒಂದೇ, ಬಲ್ಲಿದನಿಗೂ ಒಂದೇ. ಜಗದ್ಗುರು ಎರಡನೆಯ ಜಾನ್ ಪಾಲರು 1987ರ ತಮ್ಮ ವಿಶ್ವಪತ್ರದಲ್ಲಿ ಸಮಾಜದೊಳಗಿನ ಪಾಪದ ರಚನೆಗಳ ಬಗ್ಗೆ ಬರೆದರು. ಆ ರಚನೆಗಳ ಬೇರು ವ್ಯಕ್ತಿಗಳ ಪಾಪದಲ್ಲೇ ಇದೆಯೆಂದೂ ಹೇಳಿದರು. ಆದ್ದರಿಂದ ಕದ್ದವನು ಲೆಕ್ಕ ಕೊಡಲಿ. ಅವನ ಕುಲ ಏಕೆ ಕೊಡಬೇಕು? ಅಕ್ರಮ ಗಣಿಗಾರಿಕೆಯ ಹಿನ್ನೆಲೆಯಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಜೊತೆಗೆ ನಮ್ಮ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಳನ್ನೂ ನಿಲ್ಲಿಸಿತು. ಆಗ ಯಾರ ಬಗ್ಗೆಯಾದರೂ "ಅವರ ಜಾತಿಯೇ ಅಂಥದು" ಎಂದೆವೇ?

ನಜರೇತಿನ ಹೆಸರು ಕೇಳಿದೊಡನೆ ನತಾನಿಯೇಲ ಮೂಗು ಮುರಿದ. ಫಿಲಿಪ್ಪ ವಾದಕ್ಕಿಳಿಯಲಿಲ್ಲ, ಬಂದು ನೋಡಲು ಕರೆದ. ಅಂದು ಬೆಳಿಗ್ಗೆ ನಾನು ಮಾಡಬೇಕಾಗಿದ್ದುದೂ ಅಷ್ಟೇ. ಜನರಿಗಿಂತ ಮುಂದೆ ನಡೆದು ಗುಡಾರದ ಬಾಗಿಲಲ್ಲಿ ಕುಳಿತು ಆ ತಾಯಂದಿರೊಡನೆ ಮಾತಾಡಬೇಕಿತ್ತು. ಮತ್ತೊಂದು ಗುಡಾರ ನಮ್ಮ ಬೀದಿಗೆ ಬಂದೇ ಬರುತ್ತದೆ. ಆಗ ಅನುಮಾನಕ್ಕಿಂತ ಮೊದಲು ನಾವು ಅಲ್ಲಿಗೆ ಹೋಗೋಣ.

ಮನೆಯಲ್ಲಿ ಕೂಡಿ ಚರ್ಚಿಸಲು

1. ಯಾವ ಯಾವ ಜಾತಿಯ ಹೆಸರನ್ನು ನಾವು ಬೈಗುಳವಾಗಿ ಬಳಸುತ್ತೇವೆ? ಮಕ್ಕಳು ಅದನ್ನು ಯಾರಿಂದ ಕಲಿತರು?

2. ನಮ್ಮ ಬಡಾವಣೆಯ ಗುಡಾರವಾಸಿಗಳ ಮಕ್ಕಳಲ್ಲಿ ಎಷ್ಟು ಮಂದಿ ಶಾಲೆಗೆ ಹೋಗುತ್ತಿದ್ದಾರೆ? ಹೋಗದವರನ್ನು ಸೇರಿಸಲು ನಮ್ಮಿಂದ ಏನಾದೀತು?

3. ಕಳವಾದಾಗ ಸಾಕ್ಷಿಯಿಲ್ಲದೆ ಯಾರ ಮೇಲಾದರೂ ಗೂಬೆ ಕೂರಿಸಿದ್ದೇವೆಯೇ? ಅವರ ಕ್ಷಮೆ ಕೇಳಲು ಇನ್ನೂ ಅವಕಾಶವಿದೆಯೇ?