ಇಂಕ್‌ಸ್ಕೇಪಿನ ಹೊಂದಿಕೆಗಳನ್ನು ಕಾಪಾಡುವ ಬಗೆ

ಪ್ರಯೋಗಶಾಲೆಯಲ್ಲಿ ರೋಹಿತಮಾಪಕವನ್ನು ಬಳಸಿದ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ಚೆನ್ನಾಗಿ ಬಲ್ಲರು. ಅಳತೆಗಳನ್ನು ಗುರುತಿಸುವುದಕ್ಕಿಂತ ದೂರದರ್ಶಕವನ್ನೂ ಪಟ್ಟಕದ ಪೀಠವನ್ನೂ ಸರಿಹೊಂದಿಸುವುದಕ್ಕೇ ಹೆಚ್ಚು ಕಾಲ ಹಿಡಿಯುತ್ತದೆ. ಯಾರಾದರೂ ತಿರುಪುಗಳನ್ನು ತಿರುಗಿಸಿಬಿಟ್ಟರೆ ಬರೆದಿಟ್ಟ ಅಳತೆಗಳು ಪುಸ್ತಕದಲ್ಲಿ ಉಳಿದಿರುತ್ತವೆ. ಹೊಂದಿಕೆ ಮಾತ್ರ ಹೋಗಿರುತ್ತದೆ.

ಗಣಕಯಂತ್ರದಲ್ಲಿ ಚಿತ್ರ ಬರೆಯುವವರಿಗೂ ಇದೇ ಪಾಡು ಒದಗುವುದುಂಟು. ಮಸೂರಗಳ ಕಿರಣಚಿತ್ರಗಳನ್ನು ಬರೆಯಲು ನಾನು ಇಂಕ್‌ಸ್ಕೇಪ್ ಎಂಬ ತಂತ್ರಾಂಶವನ್ನು ಬಳಸುತ್ತೇನೆ. 2003ರಲ್ಲಿ ಹೊರಬಂದ ಇದು ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ. ಒಮ್ಮೆ ಯಂತ್ರದಲ್ಲಿರುವುದನ್ನೆಲ್ಲ ಅಳಿಸಿ ಹೊಸದಾಗಿ ಸ್ಥಾಪಿಸಬೇಕಾಗಿ ಬಂದಾಗ, ಚಿತ್ರಗಳ ನಕಲನ್ನು ತೆಗೆದಿಟ್ಟು ನಿಶ್ಚಿಂತನಾದೆ. ಚಿತ್ರಗಳೇನೋ ಉಳಿದವು. ಆದರೆ ನಾನು ಕೂಡಿಸಿಕೊಂಡಿದ್ದ ಬಣ್ಣಗಳ ಪಟ್ಟಿ, ಕೀಲಿಮಣೆಯ ಕಿರುದಾರಿಗಳು, ಪುಟದ ಮಾದರಿಗಳು ಎಲ್ಲವೂ ಅಳಿದುಹೋದವು. ಮರುದಿನದ ಪಾಠಕ್ಕೆ ಚಿತ್ರ ಬರೆಯಬೇಕಾಗಿದ್ದ ಆ ಸಂಜೆಯು ಅವನ್ನು ಮತ್ತೆ ಜೋಡಿಸುವುದರಲ್ಲೇ ಕಳೆಯಿತು.

ಇದಕ್ಕೆ ಕಾರಣವೇನು? ಚಿತ್ರವು ನಾವು ಹೆಸರಿಟ್ಟು ಉಳಿಸಿದ ಕಡತದಲ್ಲಿರುತ್ತದೆ. ಹೊಂದಿಕೆಗಳು ಬೇರೊಂದು ಫೋಲ್ಡರಿನಲ್ಲಿರುತ್ತವೆ. ಎಡಿಟ್ ಪಟ್ಟಿಯ ಪ್ರಿಫರೆನ್ಸಸ್‌ನಲ್ಲಿ ಸಿಸ್ಟಮ್ ಎಂಬ ಪುಟವನ್ನು ತೆರೆದರೆ ಆ ಫೋಲ್ಡರಿನ ಸ್ಥಾನ ಕಾಣುತ್ತದೆ. ಅದರಲ್ಲಿ ಪ್ರಿಫರೆನ್ಸಸ್ ಎಂಬ ಹೆಸರಿನ ಎಕ್ಸ್‌ಎಮ್‌ಎಲ್ ಕಡತವೊಂದಿದೆ. ಅದು ಬರಿಯ ಅಕ್ಷರಗಳ ಕಡತ. ಕೀಲಿಗಳು, ಬಣ್ಣದ ಪಟ್ಟಿಗಳು, ಮಾದರಿಗಳು ಇವುಗಳಿಗೆ ಅಲ್ಲಿಯೇ ಒಳ ಫೋಲ್ಡರುಗಳುಂಟು. ತಂತ್ರಾಂಶವು ಆರಂಭವಾಗುವಾಗ ಇವನ್ನು ಓದಿಕೊಳ್ಳುತ್ತದೆ. ಪ್ರಿಫರೆನ್ಸಸ್ ಕಡತವಿಲ್ಲದಿದ್ದರೆ ಮೂಲ ಹೊಂದಿಕೆಗಳಿಂದ ಹೊಸದೊಂದನ್ನು ರಚಿಸುತ್ತದೆ.

ನಕಲು ತೆಗೆಯುವ ಮೊದಲು ಇಂಕ್‌ಸ್ಕೇಪನ್ನು ಮುಚ್ಚತಕ್ಕದ್ದು. ಅದು ನಡೆಯುತ್ತಿರುವಾಗ ಹೊಂದಿಕೆಗಳು ಯಂತ್ರದ ಸ್ಮೃತಿಯಲ್ಲಿದ್ದು, ಮುಚ್ಚುವಾಗ ಕಡತದೊಳಕ್ಕೆ ಬರೆಯಲ್ಪಡುತ್ತವೆ. ಆದ್ದರಿಂದ ತೆರೆದಿರುವಾಗ ತೆಗೆದ ನಕಲು ಹಳೆಯದಾಗಿರಬಹುದು. ಹಿಂದಿರುಗಿಸುವಾಗಲಂತೂ ಅಪಾಯ ಇನ್ನೂ ಹೆಚ್ಚು: ತೆರೆದಿರುವಾಗಲೇ ಹಳೆಯ ಕಡತವನ್ನು ಅಲ್ಲಿಟ್ಟರೆ, ಮುಚ್ಚಿದೊಡನೆ ಸ್ಮೃತಿಯಲ್ಲಿರುವುದು ಅದರ ಮೇಲೆ ಬರೆಯಲ್ಪಟ್ಟು ನಮ್ಮ ಶ್ರಮ ವ್ಯರ್ಥವಾಗುತ್ತದೆ. ಮುಚ್ಚಿದ ಮೇಲೆ ಇಡೀ ಫೋಲ್ಡರಿನ ನಕಲನ್ನು ಪೆನ್‌ಡ್ರೈವಿನಂತಹ ಬೇರೊಂದು ಸಾಧನದಲ್ಲಿ ಇರಿಸಿ, ದಿನಾಂಕವನ್ನು ನಮೂದಿಸಿ.

ಎರಡು ಎಚ್ಚರಿಕೆಗಳು. ಯಂತ್ರದಲ್ಲಿ ಸ್ಥಾಪಿಸಿದ ಅಕ್ಷರವಿನ್ಯಾಸಗಳು, ಅಂದರೆ ಫಾಂಟುಗಳು, ಈ ಫೋಲ್ಡರಿನೊಳಗಿರುವುದಿಲ್ಲ. ಅವನ್ನು ಪ್ರತ್ಯೇಕವಾಗಿ ಕಾಪಾಡಬೇಕು. ತಂತ್ರಾಂಶದ ಆವೃತ್ತಿ ಬದಲಾಗಿದ್ದರೆ ಹಳೆಯ ಹೊಂದಿಕೆಗಳೆಲ್ಲವೂ ಹೊಸದಕ್ಕೆ ಒಪ್ಪದಿರಬಹುದು. ಆಗ ಬಣ್ಣದ ಪಟ್ಟಿಗಳನ್ನೂ ಮಾದರಿಗಳನ್ನೂ ಮೊದಲು ತಂದಿಟ್ಟು, ಉಳಿದುದನ್ನು ಒಂದೊಂದಾಗಿ ಪರೀಕ್ಷಿಸುವುದು ಲೇಸು.

ನಕಲು ಇದೆಯೆಂದ ಮಾತ್ರಕ್ಕೆ ನಂಬಬಾರದು. ಭೌತವಿಜ್ಞಾನದಲ್ಲಿರುವಂತೆ ಇಲ್ಲಿಯೂ ಪ್ರಯೋಗವೇ ಪ್ರಮಾಣ. ಇಂಕ್‌ಸ್ಕೇಪನ್ನು ಮುಚ್ಚಿ ಮೂಲ ಫೋಲ್ಡರಿನ ಹೆಸರನ್ನು ಬದಲಿಸಿ. ಅದರ ಜಾಗದಲ್ಲಿ ನಿಮ್ಮ ನಕಲಿನ ಒಂದು ಪ್ರತಿಯನ್ನು ಮೊದಲಿನ ಹೆಸರಿನಿಂದಲೇ ಇಟ್ಟು ತೆರೆದು ನೋಡಿ. ನಿಮ್ಮ ಬಣ್ಣಗಳೂ ಕಿರುದಾರಿಗಳೂ ಎಂದಿನಂತೆ ಕಂಡರೆ ನಕಲು ನಂಬಲರ್ಹ. ಕಾಣದಿದ್ದರೆ ಹೆಸರು ಬದಲಿಸಿದ ಮೂಲವು ಹಾಗೆಯೇ ಇದೆ. ಅದನ್ನು ಸ್ವಸ್ಥಾನಕ್ಕೆ ತಂದು ಮತ್ತೊಮ್ಮೆ ನಕಲು ತೆಗೆಯಬಹುದು. ತಪ್ಪನ್ನು ತಿಳಿಯುವುದಕ್ಕೆ ಮೂಲವು ಕೈಯಲ್ಲಿರುವ ಕಾಲವೇ ತಕ್ಕ ಕಾಲ.