ಲಿನಕ್ಸ್ ಕಂಪ್ಯೂಟರಿನಲ್ಲಿ ಧ್ವನಿ ಹೊರಡದಿದ್ದರೆ



2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಅನೇಕ ಹಳೆಯ ಯಂತ್ರಗಳಿಗೆ ಒಗ್ಗುವುದಿಲ್ಲ. ಅಂಥ ಯಂತ್ರಗಳಿಗೆ ಲಿನಕ್ಸ್ ಹಾಕಿಕೊಳ್ಳಬಹುದು. ಅದಕ್ಕೆ ಬೆಲೆ ತೆರಬೇಕಾಗಿಲ್ಲ. ಆದರೆ ಹಾಕಿದ ಮರುದಿನ ಧ್ವನಿ ಹೊರಡದಿದ್ದರೆ, ‘ಯಂತ್ರವೇ ಕೆಟ್ಟಿತು’ ಎಂದು ಭಂಗಾರದವನಿಗೆ ಕೊಡಲು ಹೊರಡುವವರುಂಟು. ಅದಕ್ಕೆ ಮೊದಲು ಈ ಪಾಠವನ್ನು ಓದಬೇಕೆಂದು ನಮ್ಮ ವಿನಂತಿ.

ಧ್ವನಿಯೆಂದರೆ ಕೇವಲ ಹಾಡು, ಸಿನಿಮಾ ಅಲ್ಲ. ಕಣ್ಣು ಕಾಣದವರಿಗೆ ಧ್ವನಿಯೇ ಅಕ್ಷರ. ಲಿನಕ್ಸಿನಲ್ಲಿ ಓರ್ಕಾ ಎಂಬ ಪ್ರೋಗ್ರಾಮು ತೆರೆಯ ಮೇಲಿನ ಬರಹವನ್ನು ಓದಿ ಹೇಳುತ್ತದೆ. ಅದಕ್ಕೆ ದನಿ ಕೊಡುವ ಈಸ್ಪೀಕ್ ಎನ್‌ಜಿ ಕನ್ನಡವನ್ನೂ ಉಚ್ಚರಿಸಬಲ್ಲುದು. ಧ್ವನಿ ನಿಂತಿತೆಂದರೆ ಅಂಥವರಿಗೆ ದೋಷವನ್ನು ಹುಡುಕುವ ದಾರಿಯೂ ಮುಚ್ಚಿಹೋಗುತ್ತದೆ. ಆದುದರಿಂದ ಕಣ್ಣುಳ್ಳವರು ಇದನ್ನು ಕಲಿತಿರುವುದು ಅವಶ್ಯ.

ಧ್ವನಿಯ ದಾರಿ

ಹಾಡು ನುಡಿಸುವ ಪ್ರೋಗ್ರಾಮಿನಿಂದ ಧ್ವನಿಯು ಮೊದಲು ಪೈಪ್‌ವೈರ್ ಎಂಬ ವ್ಯವಸ್ಥೆಗೆ ಹೋಗುತ್ತದೆ. ಹಲವು ಪ್ರೋಗ್ರಾಮುಗಳ ಧ್ವನಿಯನ್ನು ಕೂಡಿಸಿ, ಯಾವ ಬಾಗಿಲಿಗೆ ಕಳುಹಿಸಬೇಕೆಂದು ಗೊತ್ತುಮಾಡುವುದು ಅದರ ಕೆಲಸ. ಉಬುಂಟುವಿನಲ್ಲಿ ಹಿಂದೆ ಈ ಕೆಲಸವನ್ನು ಪಲ್ಸ್‌ಆಡಿಯೋ ಮಾಡುತ್ತಿತ್ತು; 2022ರ ಅಕ್ಟೋಬರಿನಲ್ಲಿ ಬಂದ 22.10ರಿಂದ ಪೈಪ್‌ವೈರ್ ಅದರ ಜಾಗಕ್ಕೆ ಬಂತು. ಅಲ್ಲಿಂದ ಮುಂದೆ ಆಲ್ಸಾ. ಇದು ಲಿನಕ್ಸಿನ ತಿರುಳಾದ ಕರ್ನಲ್ಲಿನಲ್ಲಿದ್ದು ಸೌಂಡ್ ಕಾರ್ಡನ್ನು ನಡೆಸುತ್ತದೆ. ಕೊನೆಗೆ ತಂತಿ, ಸ್ಪೀಕರು.

ಅಂಗಡಿಗೆ ಬಟ್ಟೆ ತಲುಪಲಿಲ್ಲವೆಂದರೆ ಗಿರಣಿಯಲ್ಲಿ ನಾವು ಮಗ್ಗವನ್ನು ದೂರುವುದಿಲ್ಲ. ಲಾರಿಯ ಚೀಟಿ, ಗೇಟಿನ ಪುಸ್ತಕ, ಗೋದಾಮಿನ ಪುಸ್ತಕ ಹೀಗೆ ಹಿಂದಕ್ಕೆ ನೋಡುತ್ತ ಹೋಗುತ್ತೇವೆ. ಇಲ್ಲಿಯೂ ಅದೇ ಕ್ರಮ.

1. ಹೊರಗಿನ ಪರೀಕ್ಷೆ. ಸ್ಪೀಕರಿಗೆ ಕರೆಂಟು ಇದೆಯೇ? ಅದರ ತಿರುಗುಗುಂಡಿ ಪೂರ್ತಿ ಇಳಿದಿಲ್ಲವಷ್ಟೆ? ಪಿನ್ನು ಹಿಂಬದಿಯ ಹಸಿರು ತೂತಿನಲ್ಲಿರಬೇಕು; ಗುಲಾಬಿ ಬಣ್ಣದ್ದು ಮೈಕಿಗೆ. ಖಾಡಿಯ ಉಪ್ಪುಗಾಳಿಗೆ, ಮಳೆಗಾಲದ ತೇವಕ್ಕೆ ಪಿನ್ನಿನ ಮೇಲೆ ಕಿಲುಬು ಕಟ್ಟುವುದುಂಟು. ಒಣಬಟ್ಟೆಯಿಂದ ಒರೆಸಿ ಹಾಕಿರಿ. ಅದೇ ಸ್ಪೀಕರನ್ನು ಮೊಬೈಲಿಗೆ ಜೋಡಿಸಿ ನೋಡಿದರೆ ಅದರ ಕ್ಷೇಮ ತಿಳಿಯುತ್ತದೆ.

2. ಬಾಗಿಲಿನ ಪರೀಕ್ಷೆ. ಬಹುಪಾಲು ದೋಷ ಸಿಕ್ಕುವುದು ಇಲ್ಲಿಯೇ. ಸೆಟ್ಟಿಂಗ್ಸ್‌ನಲ್ಲಿ ‘ಸೌಂಡ್’ ತೆರೆದು ‘ಔಟ್‌ಪುಟ್’ ನೋಡಿರಿ. ಅಲ್ಲಿ ಎಚ್‌ಡಿಎಂಐ ಎಂದಿದ್ದರೆ ಧ್ವನಿಯು ಮಾನಿಟರಿಗೆ ಹೋಗುತ್ತಿದೆ. ಮಾನಿಟರಿನಲ್ಲಿ ಸ್ಪೀಕರೇ ಇಲ್ಲದಿದ್ದರೆ ಕೇಳಿಸುವುದೆಂತು? ಲೈನ್ ಔಟ್, ಹೆಡ್‌ಫೋನ್ ಅಥವಾ ಅನಲಾಗ್ ಎಂದಿರುವುದನ್ನು ಆರಿಸಿ ‘ಟೆಸ್ಟ್’ ಒತ್ತಿರಿ. ಹೆಡ್‌ಫೋನು ಕಿವಿಗಿದ್ದರೆ ಮೊದಲೇ ಧ್ವನಿಯನ್ನು ತಗ್ಗಿಸಿಕೊಳ್ಳತಕ್ಕದ್ದು.

3. ಪಟ್ಟಿಯ ಪರೀಕ್ಷೆ. ಪಲ್ಸ್‌ಆಡಿಯೋ ವಾಲ್ಯೂಮ್ ಕಂಟ್ರೋಲ್ ಎಂಬ ಪ್ರೋಗ್ರಾಮು ಪೈಪ್‌ವೈರಿನೊಂದಿಗೂ ನಡೆಯುತ್ತದೆ. ಹಾಡು ಹಾಕಿ ಅದರ ‘ಪ್ಲೇಬ್ಯಾಕ್’ ಪುಟ ನೋಡಿರಿ. ಪಟ್ಟಿ ಅಲುಗಾಡುತ್ತಿದ್ದರೆ ಹಾಡಿನ ಪ್ರೋಗ್ರಾಮು ನಿರ್ದೋಷಿ, ತೊಡಕು ಮುಂದಿದೆ. ಅಲುಗಾಡದಿದ್ದರೆ ಆ ಪ್ರೋಗ್ರಾಮಿನೊಳಗೇ ಧ್ವನಿ ಮುಚ್ಚಿದೆಯೇ ಎಂದು ನೋಡತಕ್ಕದ್ದು.

4. ಆಲ್ಸಾದ ಪರೀಕ್ಷೆ. ಟರ್ಮಿನಲ್ ತೆರೆದು ಎ, ಎಲ್, ಎಸ್, ಎ, ಎಂ, ಐ, ಎಕ್ಸ್, ಇ, ಆರ್ ಎಂಬ ಇಂಗ್ಲಿಷ್ ಸಣ್ಣಕ್ಷರಗಳನ್ನು ಎಡೆಯಿಲ್ಲದೆ ಬರೆದು ಎಂಟರ್ ಒತ್ತಿರಿ. ಎಫ್6 ಒತ್ತಿ ನಿಮ್ಮ ಕಾರ್ಡನ್ನು ಆರಿಸಿರಿ. ಮಾಸ್ಟರ್, ಫ್ರಂಟ್, ಹೆಡ್‌ಫೋನ್ ಮುಂತಾದ ಕಂಬಗಳ ಅಡಿಯಲ್ಲಿ ಎರಡು ‘ಎಂ’ ಕಂಡರೆ ಅದು ಮುಚ್ಚಿದೆ ಎಂದರ್ಥ. ಆ ಕಂಬಕ್ಕೆ ಹೋಗಿ ಎಂ ಗುಂಡಿ ಒತ್ತಿದರೆ ತೆರೆಯುತ್ತದೆ. ಮೇಲ್ಬಾಣದ ಗುಂಡಿಯಿಂದ ಕಂಬವನ್ನು ಏರಿಸಿರಿ. ‘ಆಟೋ ಮ್ಯೂಟ್’ ಜಾರಿಯಲ್ಲಿದ್ದರೆ, ಮುಂಬದಿಗೆ ಹೆಡ್‌ಫೋನು ಸಿಕ್ಕಿಸಿದೊಡನೆ ಹಿಂಬದಿಯ ಸ್ಪೀಕರು ಸುಮ್ಮನಾಗಬಹುದು, ಅದು ರೋಗವಲ್ಲ.

5. ಕಾರ್ಡಿನ ಪರೀಕ್ಷೆ. ಟರ್ಮಿನಲ್ಲಿನಲ್ಲಿಯೇ ಎ, ಪಿ, ಎಲ್, ಎ, ವೈ ಎಂದು ಬರೆದು, ಎಡೆಬಿಟ್ಟು, ಅಡ್ಡಗೆರೆಯೊಂದಿಗೆ ಎಲ್ ಸೇರಿಸಿ ಎಂಟರ್ ಒತ್ತಿದರೆ ಕಾರ್ಡುಗಳ ಯಾದಿ ಬರುತ್ತದೆ. ಯಾದಿಯೇ ಬರದಿದ್ದರೆ, ಯಂತ್ರ ಆರಂಭವಾಗುವಾಗ ತೆರೆಯುವ ಬಯಾಸ್‌ನಲ್ಲಿ ‘ಆನ್‌ಬೋರ್ಡ್ ಆಡಿಯೋ’ ಮುಚ್ಚಿದೆಯೇ ನೋಡಿರಿ. ಅಲ್ಲಿಯೂ ಸರಿಯಿದ್ದು ಕಾರ್ಡು ನಿಜವಾಗಿ ಸತ್ತಿದ್ದರೆ, ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ಸೌಂಡ್ ಕಾರ್ಡು ಸಾಕು. ಸಾಮಾನ್ಯವಾಗಿ ಬೇರೆ ಡ್ರೈವರು ಬೇಕಾಗುವುದಿಲ್ಲ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಬರೆದಿಟ್ಟುಕೊಳ್ಳತಕ್ಕದ್ದು. ನಾಲ್ಕನ್ನು ಒಟ್ಟಿಗೆ ತಿರುಗಿಸಿದರೆ ಗುಣವಾದದ್ದು ಯಾವುದರಿಂದ ಎಂಬುದು ತಿಳಿಯದು.

ಅಭ್ಯಾಸ

ಧ್ವನಿ ಚೆನ್ನಾಗಿರುವಾಗಲೇ ಮೇಲಿನ ಐದನ್ನೂ ಒಮ್ಮೆ ಮಾಡಿ ನೋಡಿರಿ. ಸರಿಯಾದ ಔಟ್‌ಪುಟ್ಟಿನ ಹೆಸರನ್ನು ಚೀಟಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸಿರಿ. ಉಬುಂಟುವಿನಲ್ಲಿ ಆಲ್ಟ್, ಸೂಪರ್, ಎಸ್ ಈ ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಓರ್ಕಾ ಮಾತಾಡತೊಡಗುತ್ತದೆ. ಕಣ್ಣು ಕಾಣದ ನೆರೆಯವರಿದ್ದರೆ ಇದನ್ನು ಅವರ ಕೈಯಿಂದಲೇ ಒತ್ತಿಸಿರಿ.